ದೀಪ ಹಚ್ಚಿದ ಮೇಲೆ ಕೊಟ್ಟ ಉಪ್ಪು

“ಈ ನೀರು ಕುಡದ್ರ ಸಾಯ್ತಾರೇನ್ರಿ ಮೇಡಂ?”

ಹೆಡ್ ಕಾನ್‌ಸ್ಟೇಬಲ್ ಪೀರಾ ಸಾಬ್ ಈಜುಕೊಳದ ದಂಡೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ನೀರು ತುಂಬಿದ ಸಣ್ಣ ನಳಿಗೆಯನ್ನು ಕಣ್ಣಿನ ಹತ್ತಿರ ಹಿಡಿದು ಕೇಳಿದರು.

“ಕುಡದ್ರ ವಾಂತಿ ಆಗ್ತದ, ಅಷ್ಟಽ. ಅಕಿ ಕುಡದು ಸತ್ತಿಲ್ರಿ ಸಾಬ್ರ. ಉಸಿರು ತಗೊಂಡು ಸತ್ತಾಳ.”

“ಯಾ ಅಲ್ಲಾ!” ಎಂದು ಅವರು ನಳಿಗೆಯನ್ನು ನನ್ನ ಕೈಗೆ ತುರುಕಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡರು. ವಿಷದ ಗಾಳಿ ನಿನ್ನೆಯೇ ಹೊರಟುಹೋಗಿದೆ ಎಂದು ಎಷ್ಟು ಹೇಳಿದರೂ ಅವರ ಕೈ ಮೂಗಿನಿಂದ ಕೆಳಗಿಳಿಯಲಿಲ್ಲ.

ನಿನ್ನೆ ಸಂಜೆ ಈ ಕೊಳದಲ್ಲಿ ಈಜುತ್ತಿದ್ದ ಮನೆಯ ಸೊಸೆ ವಿಜಯಶ್ರೀ ಸತ್ತಳು. ಕೊಳ ನೋಡಿಕೊಳ್ಳುವ ಉಮೇಶ ನಮ್ಮ ಲಾಕಪ್ಪಿನಲ್ಲಿದ್ದಾನೆ. ನಾಳೆ ಬೆಳಿಗ್ಗೆ ಅವನನ್ನು ಕೊಲೆಗಾರನೆಂದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಅವನ ಹೆಂಡತಿ ರಾಧಾ, ದಿನ ತುಂಬಿದ ಬಸುರಿ, ದೇವದುರ್ಗದಿಂದ ಬಂದು ಠಾಣೆಯ ಮೆಟ್ಟಿಲ ಮೇಲೆ ಕುಳಿತಿದ್ದಾಳೆ. ಅಳುತ್ತಿಲ್ಲ. ಅತ್ತಿದ್ದರೆ ನಾನು ಗದರಿಸಿ ಊರಿಗೆ ಕಳಿಸಿಬಿಡುತ್ತಿದ್ದೆ. ಸುಮ್ಮನೆ ಕುಳಿತಿದ್ದಾಳಲ್ಲ, ಅದೇ ನನಗೆ ತಡೆಯಲಾಗುತ್ತಿಲ್ಲ.

ನನ್ನ ಹೆಸರು ಇನ್ಸ್‌ಪೆಕ್ಟರ್ ಮೌನೇಶ್ವರಿ. ಹೆಸರಿಟ್ಟವರಿಗೆ ನನ್ನ ಬಾಯಿಯ ಪರಿಚಯ ಇರಲಿಲ್ಲ.

ಮನೆ ಇರುವುದು ರಾಯಚೂರು ಮುಗಿದು ಮಾನ್ವಿ ರಸ್ತೆ ಹಿಡಿಯುವ ಕಡೆ. ಮಾಲೀಕ ಮಲ್ಲೇಶ. ಮಾನ್ವಿಯಲ್ಲಿ ಅವನದು ದೊಡ್ಡ ರೈಸ್ ಮಿಲ್ಲು, ಕಾಲುವೆ ನೀರಿನ ಭತ್ತದ ಗದ್ದೆ. ಸತ್ತ ವಿಜಯಶ್ರೀ ಅವನ ಹೆಂಡತಿ. ಕೊಳ ಕಟ್ಟಿಸಿದ್ದು ಮಾತ್ರ ತಾಯಿ ಬಸವಂತಮ್ಮನ ಮೊಣಕಾಲಿಗೆ. ಉಪ್ಪುನೀರಿನ ಶಾಖ ಕೊಟ್ಟರೆ ಕೀಲು ನೋವು ಇಳಿಯುತ್ತದೆ ಎಂದು ಯಾರೋ ಹೇಳಿದರು. ಬಡವರ ಮನೆಯಾಗಿದ್ದರೆ ಒಂದು ಬಕೆಟ್ಟಿನಲ್ಲಿ ಮುಗಿಯುತ್ತಿತ್ತು. ಮಲ್ಲೇಶ ಹೈದರಾಬಾದಿನಿಂದ ಜನ ಕರೆಸಿ ಉಪ್ಪುನೀರಿನ ಈಜುಕೊಳವನ್ನೇ ಕಟ್ಟಿಸಿದ. ಬಸವಂತಮ್ಮ ಒಂದು ದಿನ ಕಾಲ್ಬೆರಳು ಅದ್ದಿ, ಸೀರೆ ಉಟ್ಟವಳು ನೀರಿಗೆ ಬೀಳುವುದಿಲ್ಲ ಎಂದು ಎದ್ದು ಹೋದಳಂತೆ. ತುಂಗಭದ್ರೆಯ ದಂಡೆಯ ಚೀಕಲಪರ್ವಿಯಲ್ಲಿ ಹುಟ್ಟಿ ಬೆಳೆದ ಸೊಸೆ ಮಾತ್ರ ದಿನಾ ಸಂಜೆ ಇಳಿದು ಈಜಿದಳು.

ಮನೆಯ ಸೊಸೆ ಈಜುವುದನ್ನು ಪರರು ನೋಡಬಾರದಲ್ಲ! ಅದಕ್ಕೆ ಕೊಳದ ಸುತ್ತ ನಾಲ್ಕು ಗೋಡೆ. ಒಂದಕ್ಕೂ ಕಿಟಕಿಯಿಲ್ಲ. ಮೇಲೆ ಗಾಜಿನ ಚಾವಣಿ. ಉಪ್ಪಿನ ಹಸಿ ಗಾಳಿ ಮನೆಯ ಸಾಗವಾನಿ ಬಾಗಿಲುಗಳಿಗೆ ತಾಗಬಾರದೆಂದು ಈ ಕೋಣೆಯ ಬಾಗಿಲಿಗೆ ಸುತ್ತಲೂ ರಬ್ಬರ್ ಪಟ್ಟಿ ಬಡಿಸಿದ್ದರು. ಮುಚ್ಚಿದರೆ ಒಳಗಿನ ಗಾಳಿ ಒಳಗೇ.

ನಾನು ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿ ಲಾಠಿ ಹಿಡಿದವಳು. ಉಪ್ಪುನೀರಿನ ಕೊಳವೆಂದರೆ ಔಷಧಿ ಹಾಕದ ನೀರು ಎಂದು ಈ ಮನೆಯವರೆಲ್ಲ ನಂಬಿದ್ದರು. ಶುದ್ಧ ತಪ್ಪು. ಪಂಪಿನ ಕೋಣೆಯಲ್ಲಿರುವ ಮಷೀನು ಉಪ್ಪುನೀರಿಗೆ ಕರೆಂಟು ಹರಿಸಿ, ಆ ಉಪ್ಪಿನಿಂದಲೇ ಕ್ಲೋರಿನ್ ತೆಗೆಯುತ್ತದೆ. ಅದು ನೀರಿನ ಕೊಳೆಯನ್ನು ಕೊಂದು ಮತ್ತೆ ಉಪ್ಪಾಗಿ ನೀರಿಗೇ ಸೇರುತ್ತದೆ. ಹಾಗಾಗಿ ಉಪ್ಪು ಖರ್ಚಾಗುವುದು ಬಹಳ ಕಡಿಮೆ. ಖರ್ಚಾಗುವುದು ಆ್ಯಸಿಡ್. ಮಷೀನು ಓಡಿದಷ್ಟೂ ನೀರಿನಲ್ಲಿ ಕ್ಷಾರ ಏರುತ್ತದೆ, ಅದನ್ನು ಇಳಿಸಲು ಆಗಾಗ ಸ್ವಲ್ಪ ಆ್ಯಸಿಡ್ ಹಾಕುತ್ತಿರಬೇಕು.

ಬ್ಲೀಚಿಂಗ್ ಪೌಡರಿಗೆ ಇಂಥ ಕೊಳದಲ್ಲಿ ಕೆಲಸವೇ ಇಲ್ಲ. ಆದರೂ ಮೆಟ್ಟಿಲ ಪಕ್ಕದಲ್ಲಿ ಒಂದು ಬಕೆಟ್ ಇತ್ತು. ಅದರ ತಳದಲ್ಲಿ ಬ್ಲೀಚಿಂಗ್, ಅದರ ಮೇಲೆ ಸುರಿದ ಆ್ಯಸಿಡ್. ಎರಡೂ ಕೂಡಿದರೆ ಹಳದಿ ಹಸಿರು ಗಾಳಿ ಏಳುತ್ತದೆ. ಅದು ಬರಿಯ ಗಾಳಿಗಿಂತ ಭಾರ. ಮೇಲೆ ಹೋಗದೆ ನೀರಿನ ಮೇಲೆ ಕಂಬಳಿಯ ಹಾಗೆ ಹಾಸಿಕೊಳ್ಳುತ್ತದೆ. ಈಜುವವರ ಮೂಗು ಇರುವುದೂ ಅಲ್ಲೇ.

ವಿಜಯಶ್ರೀ ಹೊಳೆಯಲ್ಲಿ ಈಜಿದವಳು, ಗಟ್ಟಿಗಿತ್ತಿ. ಆ ಗಾಳಿಯಲ್ಲೂ ನೀರಿನಿಂದ ಎದ್ದು ಬಾಗಿಲತನಕ ಬಂದಿದ್ದಳು. ಬಾಗಿಲಿನ ಒಳಗಡೆಯ ರಬ್ಬರ್ ಪಟ್ಟಿ ಕೆಳಭಾಗದಲ್ಲಿ ಚಿಂದಿಯಾಗಿತ್ತು. ಅದರಲ್ಲಿ ಅವಳ ಒಂದು ಉಗುರು ಸಿಕ್ಕಿಕೊಂಡಿತ್ತು, ಬಣ್ಣ ಹಚ್ಚಿದ ಇಡೀ ಉಗುರು. ಅಗುಳಿ ಇರುವುದು ಹೊರಗಡೆ.

ಕೈತಪ್ಪಿ ಆದ ಅನಾಹುತವಾಗಿದ್ದರೆ ಹೊರಗಿನಿಂದ ಅಗುಳಿ ಯಾರು ಹಾಕಿದರು? ಉಮೇಶ ಹಾಕಿದ ಎನ್ನುತ್ತಾರೆ ಮನೆಯವರು. ವಿಜಯಶ್ರೀ ಅವನನ್ನು ಬೈದಿದ್ದಳಂತೆ. ನೀರು ಹಸಿರಾಗಲು ಬಿಟ್ಟೆ, ನಾಳೆಯಿಂದ ಬರಬೇಡ ಎಂದಿದ್ದಳಂತೆ.

ಉಮೇಶ ಸಾಧು ಏನಲ್ಲ. ಸೋಮಾರಿ. ನೀರಿಗೆ ಹನಿ ಹಾಕಿ ಬಣ್ಣ ನೋಡು ಎಂದು ಕಂಪನಿಯವರು ಪೆಟ್ಟಿಗೆ ಕೊಟ್ಟರೆ ಅದರ ಮೇಲೆ ಬೀಡಿ ಕಟ್ಟು ಇಟ್ಟುಕೊಂಡವನು. ನಿನ್ನೆ ಮಧ್ಯಾಹ್ನವೇ ಕೆಲಸ ಬಿಟ್ಟು ದೇವದುರ್ಗದ ಬಸ್ಸು ಹತ್ತಿದೆ ಎನ್ನುತ್ತಾನೆ. ಟಿಕೆಟ್ಟು ಎಲ್ಲಿ ಎಂದರೆ ಬಿಸಾಡಿದೆ ಎನ್ನುತ್ತಾನೆ. ಮೊಬೈಲು ಎಲ್ಲಿತ್ತು ಎಂದರೆ ಇದೇ ಮನೆಯ ಪಂಪಿನ ಕೋಣೆಯಲ್ಲಿ, ಚಾರ್ಜಿಗೆ ಹಾಕಿ ಮರೆತು ಹೋದೆ ಎನ್ನುತ್ತಾನೆ. ಕಂಡಕ್ಟರಿಗೆ ಅವನ ಮುಖದ ನೆನಪಿಲ್ಲ. ಗೇಟಿನ ಕ್ಯಾಮೆರಾ ಬೇರೆ ನಿನ್ನೆಯೇ ಕೆಟ್ಟಿತ್ತು. ದೊಡ್ಡವರ ಮನೆಯ ಕ್ಯಾಮೆರಾಗಳು ಕೆಡುವುದಕ್ಕೆ ಎಂಥ ಒಳ್ಳೆಯ ದಿನ ಹುಡುಕುತ್ತವೆ!

ಒಟ್ಟಿನಲ್ಲಿ ನಿನ್ನೆ ಸಂಜೆ ಉಮೇಶ ಈ ಮನೆಯಲ್ಲಿದ್ದ ಎಂದು ಕಣ್ಣಾರೆ ಕಂಡು ಹೇಳುವವನು ಒಬ್ಬನೇ, ಮಲ್ಲೇಶ. ದೀಪ ಹಚ್ಚಿದ ಮೇಲೆ ಉಮೇಶ ಬಂದು ಕೊಳಕ್ಕೆ ಉಪ್ಪು ಕೇಳಿದ, ತಾಯಿ ಉಗ್ರಾಣ ತೆಗೆದು ಚೀಲ ಕೊಟ್ಟಳು, ಅವನು ಹೊತ್ತುಕೊಂಡು ಕೊಳದ ಕಡೆ ಹೋದ. ಆ ಹೇಳಿಕೆ ನನ್ನ ಮೊಬೈಲಿನಲ್ಲಿ ರೆಕಾರ್ಡ್ ಆಗಿದೆ. ಅದು ನಿಂತರೆ ಉಮೇಶ ಜೈಲಿಗೆ, ಬಿದ್ದರೆ ಮನೆಗೆ.

“ಮೇಡಂ, ಬಣ್ಣ ಹಿಂಗ ಬಂದದ ನೋಡ್ರಿ,” ಎಂದರು ಪೀರಾ ಸಾಬ್.

ಹನಿ ಹಾಕಿದ ನಳಿಗೆಯ ನೀರು ಪೆಟ್ಟಿಗೆಯಲ್ಲಿದ್ದ ಬಣ್ಣದ ಕಾರ್ಡಿನ ನಡುವಿನ ಬಣ್ಣಕ್ಕೆ ಸರಿಯಾಗಿ ಹೊಂದುತ್ತಿತ್ತು. ಕ್ಷಾರ ಹದವಾಗಿದೆ. ಪಂಪಿನ ಕೋಣೆಯ ಮಷೀನು ಉಪ್ಪು ಸಾಕಷ್ಟಿದೆ ಎಂದು ಹಸಿರು ದೀಪ ತೋರಿಸುತ್ತಿತ್ತು. ಸೋಮಾರಿಯೋ ಏನೋ, ಉಮೇಶನ ನೀರು ಆರೋಗ್ಯವಾಗಿತ್ತು. ಮತ್ತೆ ಹಸಿರಾದದ್ದು ಹೇಗೆ? ಮೂಲೆಗಳಲ್ಲಿ ಪಾಚಿ ಈಗಲೂ ಲೋಳೆಯಂತೆ ಹಿಡಿದುಕೊಂಡಿತ್ತು.

“ಸಾಬ್ರ, ಆ ಜಾಳಿಗಿ ತಗೊಂಡು ಮೆಟ್ಟಿಲ ಸಂದಿ ಬಳೀರಿ.”

ಅವರು ಮೂಗಿನ ಕರವಸ್ತ್ರ ಬಿಡದೆ ಒಂದೇ ಕೈಯಲ್ಲಿ ಬಳಿದರು. ಜಾಲರಿಯಲ್ಲಿ ರಾಡಿ ಬಂತು, ರಾಡಿಯಲ್ಲಿ ಅರ್ಧ ಕರಗಿದ ಕಪ್ಪು ಕಾಳುಗಳು ಬಂದವು. ನಾನು ಒಂದನ್ನು ಬೆರಳಲ್ಲಿ ಹಿಸುಕಿದೆ. ಮಾನ್ವಿ ಕಡೆ ಹುಟ್ಟಿದ ಯಾರಿಗೂ ಇದನ್ನು ಪರಿಚಯ ಮಾಡಿಸಬೇಕಾಗಿಲ್ಲ.

“ಡಿಎಪಿ,” ಎಂದರು ಪೀರಾ ಸಾಬ್. “ಗದ್ದಿಗೆ ಹಾಕೋ ಗೊಬ್ಬರ ಇಲ್ಲ್ಯಾಕ ಬಂತ್ರಿ?”

“ಗದ್ದಿಗೆ ಡಿಎಪಿ ಬಿದ್ದ ಮ್ಯಾಲೆ ನಿಂತ ನೀರಿಗೆ ಏನಾಗ್ತದ?”

“ಪಾಚಿ ಕಟ್ತದ.” ಅವರ ಕರವಸ್ತ್ರ ಕೊನೆಗೂ ಕೆಳಗಿಳಿಯಿತು. “ಅಂದ್ರ ಬೇಕಂತನಽ...”

ಬೇಕಂತಲೇ. ನೀರು ಹಸಿರಾಗದೆ ಈ ಮನೆಗೆ ಬ್ಲೀಚಿಂಗ್ ಬರಲು ನೆಪವಿರಲಿಲ್ಲ. ಯಾರೋ ಮೊದಲು ನೀರನ್ನು ಕೆಡಿಸಿ, ಆಮೇಲೆ ಕೆಟ್ಟ ನೀರಿನ ಹೆಸರಿನಲ್ಲಿ ವಿಷ ತಂದಿಟ್ಟಿದ್ದರು. ಸಿಟ್ಟಿನ ಕೊಲೆಯಲ್ಲ ಇದು. ಪಾಚಿ ಬೆಳೆಯುವ ತನಕ ಕಾಯ್ದು, ದಿನಾ ಸಂಜೆ ಅವಳು ಈಜುವುದನ್ನು ನೋಡಿ, ಊಟ ಮಾಡಿ ಮಲಗಿ ಎದ್ದವರು ಮಾಡಿದ ಕೊಲೆ.

“ಮೇಡಂ, ನೀರು ಹೊರಗ ಬಿಡಸ್ಲೇನ್ರಿ?”

ಬಾಗಿಲಲ್ಲಿ ಮಲ್ಲೇಶ ನಿಂತಿದ್ದ. ಹಣೆಯಲ್ಲಿ ಮೂರು ಗೆರೆ ವಿಭೂತಿ, ಬಿಳಿ ಅಂಗಿ. ಹೆಂಡತಿಯನ್ನು ಮಧ್ಯಾಹ್ನ ಮಣ್ಣು ಮಾಡಿ ಬಂದವನ ಅಂಗಿಯ ಇಸ್ತ್ರಿ ಮುರಿದಿರಲಿಲ್ಲ. ನಾನು ಅಂಗೈ ಮುಚ್ಚಿದೆ.

“ನೀರು ಎಲ್ಲಿಗೂ ಹೋಗಂಗಿಲ್ರಿ. ಸಾಕ್ಷಿ ಅದ.”

“ನೀರು ಏನು ಸಾಕ್ಷಿ ಹೇಳ್ತದ್ರಿ ಪಾಪ,” ಎಂದು ನಕ್ಕ. “ಅವ್ವ ಬ್ಯಾಸರ ಮಾಡ್ಕೊಂಡಾಳ, ಅದಕ್ಕ ಕೇಳ್ದೆ.”

“ಉಪ್ಪು ಭರ್ತಿ ಅದ ಅಂತ ಮಷೀನು ತೋರಸಾಕತ್ತದ. ಮತ್ತ ನಿನ್ನೆ ಉಮೇಶ ಉಪ್ಪು ಕೇಳಾಕ ಯಾಕ ಬಂದ್ನಿರಿ?”

“ನಿನ್ನೆ ಒಂದು ಚೀಲ ಹಾಕ್ಯಾನಲ್ರಿ, ಅದಕ್ಕಽ ಭರ್ತಿ ಅದ.” ಉತ್ತರ ಬಾಯಲ್ಲೇ ಸಿದ್ಧವಾಗಿತ್ತು. “ನಮ್ಮವ್ವನಽ ಕೈಯಾರೆ ಕೊಟ್ಟಾಳ. ನಾ ಹೇಳಿದ್ದು ನೀವು ರೆಕಾರ್ಡ್ ಮಾಡ್ಕೊಂಡೀರಿ.”

ನಿನ್ನೆ ಚೀಲ ಹಾಕುವ ಮೊದಲು ನೀರಿನಲ್ಲಿ ಎಷ್ಟು ಉಪ್ಪಿತ್ತು ಎಂದು ಇವತ್ತಿನ ನೀರು ಹೇಳುವುದಿಲ್ಲ. 'ಸಾಕ್ಷಿ ಅದ' ಎಂದು ನಾನು ದೊಡ್ಡದಾಗಿ ಹೇಳಿದ್ದು ಅಲ್ಲಿಗೇ ಬಿತ್ತು.

“ಬರ್ರಿ, ಮಜ್ಜಿಗಿ ಕುಡದು ಹೋಗೀರಂತ,” ಎಂದ ಮಲ್ಲೇಶ, ಗೆದ್ದವರು ಕರೆಯುವ ಹಾಗೆ.

ಪಡಸಾಲೆಯಲ್ಲಿ ಆಗಷ್ಟೇ ದೀಪ ಹಚ್ಚಿದ್ದರು. ಬಸವಂತಮ್ಮ ಗಾದಿಯ ಮೇಲೆ ಕಾಲು ಚಾಚಿ, ಲೋಡಿಗೆ ಒರಗಿ ಕುಳಿತಿದ್ದಳು. ಮೈತುಂಬ ಸೆರಗು, ಕೊರಳಲ್ಲಿ ಲಿಂಗ, ಸೊಂಟದಲ್ಲಿ ಕೀಲಿಕೈಯ ಗೊಂಚಲು. ನಮ್ಮನ್ನು ನೋಡಿ ಏಳಲಿಲ್ಲ. ಮೊಣಕಾಲಿನ ಕಾರಣವೋ, ಪೊಲೀಸರೆಂಬ ಕಾರಣವೋ ಗೊತ್ತಿಲ್ಲ.

“ಏನವ್ವಾ ಮೌನೇಶ್ವರಿ, ಆ ಸತ್ತ ನೀರು ಇನ್ನಾ ಎಷ್ಟು ದಿನ ಕಾಯ್ತಿ? ಹೊರಗ ಹಾಕಸು. ಹೊಸ ನೀರು ತುಂಬಸಬೇಕು.”

“ಯಾರು ಈಜಾಕ ಯವ್ವಾ?”

“ಮಗಗ ಇನ್ನಾ ವಯಸ್ಸದ. ನಾಳೆ ಒಬ್ಬಾಕಿ ಬರ್ತಾಳ. ಬಂದಾಕಿ ಸತ್ತಾಕಿ ನೀರಾಗ ಕಾಲಿಡ್ತಾಳೇನು?”

ಗೋರಿಯ ಮಣ್ಣು ಇನ್ನೂ ಹಸಿಯಾಗಿತ್ತು. ನಾನು ಮಲ್ಲೇಶನ ಕಡೆ ನೋಡಿದೆ. ಅವನಿಗೆ ನಾಚಿಕೆಯಾಗಿರಲಿಲ್ಲ. ತಾಯಿ ಸ್ವಲ್ಪ ಬೇಗ ಬಾಯಿಬಿಟ್ಟಳು ಎಂಬ ಕಿರಿಕಿರಿ ಮಾತ್ರ ಇತ್ತು.

“ಐದು ವರ್ಷ ಉಂಡ್ಳು, ಉಟ್ಳು. ಒಂದು ಕೂಸು ಕೊಡಲಿಲ್ಲ,” ಎಂದು ಬಸವಂತಮ್ಮ ಮುಂದುವರಿಸಿದಳು. “ನನ್ನ ಕಾಲಿಗಂತ ತುಂಬಿಸಿದ ನೀರು. ಮೀನಿನಂಗ ಬಿದ್ದುಕೊಂಡಿರ್ತಿದ್ಲು. ನೀರೇ ನುಂಗ್ತು.”

ನನ್ನ ಕೈ ತುರಿಸಿತು. ಖಾಕಿ ಹಾಕಿಕೊಂಡು ಮುದುಕಿಯರನ್ನು ಹೊಡೆಯುವ ಹಾಗಿಲ್ಲ.

ಅಡುಗೆಯ ಆದೆಮ್ಮ ತಟ್ಟೆಯಲ್ಲಿ ಮಜ್ಜಿಗೆ ತಂದಳು. ತೆಳ್ಳನೆಯ ಹೆಂಗಸು, ಕಣ್ಣೆತ್ತಿ ನೋಡುವವಳಲ್ಲ. ಪೀರಾ ಸಾಬ್ ಒಂದು ಗುಟುಕು ಕುಡಿದು ಮುಖ ಕಿವಿಚಿದರು.

“ಸಪ್ಪಗ ಅದ ಬೇ ಆದೆಮ್ಮಾ. ಒಂದು ಚಿಟಿಕಿ ಉಪ್ಪು ತಾ.”

ಆದೆಮ್ಮ ನಿಂತಲ್ಲೇ ನಿಂತಳು. ತಟ್ಟೆಯ ಲೋಟಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಅವಳು ನೋಡಿದ್ದು ಬಸವಂತಮ್ಮನ ಕಡೆ.

“ಏ ಪೊಲೀಸಪ್ಪಾ!” ಬಸವಂತಮ್ಮ ಲೋಡು ಬಿಟ್ಟು ನೆಟ್ಟಗೆ ಕುಳಿತಳು. “ದೀಪದ ಮುಂದ ಕುಂತು ಏನು ಮಾತಾಡ್ತಿ? ದೀಪ ಹಚ್ಚಿದ ಮ್ಯಾಲೆ ನಮ್ಮ ಮನ್ಯಾಗ ಅದರ ಹೆಸರು ತಗೊಳ್ಳಂಗಿಲ್ಲ.”

“ತಪ್ಪಾತ್ರಿ ಯವ್ವಾ,” ಎಂದು ಪೀರಾ ಸಾಬ್ ಲೋಟ ಕೆಳಗಿಟ್ಟರು.

“'ರುಚಿ' ಅನ್ನಬೇಕು. ಕೊಡು ಅಂದ್ರಂತೂ ಕೊಡಂಗಿಲ್ಲ. ಲಕ್ಷ್ಮಿ ಹಿಂದಿಂದ ಹೋಗಿಬಿಡ್ತಾಳ.”

ನನ್ನ ತಾಯಿಯೂ ಹೀಗೇ ಬೈಯುತ್ತಿದ್ದಳು. ನೆರೆಮನೆಯವರು ಕತ್ತಲಾದ ಮೇಲೆ ಉಪ್ಪು ಕೇಳಿ ಬಂದರೆ ಬಾಗಿಲಿಂದಲೇ ಕಳಿಸುತ್ತಿದ್ದಳು. ಮಲ್ಲೇಶನ ಹೇಳಿಕೆಯನ್ನು ಬೆಳಿಗ್ಗೆಯಿಂದ ಮತ್ತೆ ಮತ್ತೆ ಕೇಳಿದ್ದೆ, ನನ್ನ ದಪ್ಪ ತಲೆಗೆ ಹೊಳೆದಿರಲಿಲ್ಲ. ಒಂದು ಲೋಟ ಸಪ್ಪೆ ಮಜ್ಜಿಗೆ ಬೇಕಾಯಿತು.

ಮಲ್ಲೇಶನಿಗೂ ಆ ಕ್ಷಣವೇ ಹೊಳೆಯಿತು. ಬಾಲ್ಯವೆಲ್ಲ ಹಾಸ್ಟೆಲ್ಲಿನಲ್ಲಿ ಕಳೆದವನು, ಉಪ್ಪು ತಟ್ಟೆಗೆ ತಾನಾಗಿ ಬಂದು ಬೀಳುತ್ತದೆ ಎಂದುಕೊಂಡವನು. ಅವನ ಮುಖದ ಬಣ್ಣ ಇಳಿಯುವುದನ್ನು ನಾನು ನೋಡಿದೆ. ಖುಷಿಯಾಯಿತು. ಮುಚ್ಚಿಡುವುದೇಕೆ?

“ಅವ್ವಾ, ನೀ ಒಳಗ ನಡಿ. ಕಾಲು ನೋಯ್ತಾವ,” ಎಂದ.

“ನೀ ಸುಮ್ನಿರಲೇ.”

ನಾನು ಗಾದಿಯ ಅಂಚಿನಲ್ಲಿ ಕುಳಿತು, ಸೊಸೆಯಂದಿರ ದನಿ ಮಾಡಿಕೊಂಡೆ. “ಈಗಿನ ಕಾಲದಾಗ ಇದನ್ನೆಲ್ಲ ಯಾರು ಪಾಲಸ್ತಾರ ಯವ್ವಾ? ಒಮ್ಮೊಮ್ಮೆ ಮರ್ತು ಕೊಟ್ಟಿರ್ತೀರಿ.”

“ನಾ?” ಆಕೆಗೆ ನಿಜವಾಗಿಯೂ ಸಿಟ್ಟು ಬಂತು. “ಸಂಜಿಗೆ ಉಗ್ರಾಣದ ಕೀಲಿ ಹಾಕಿದ್ರ ಬೆಳಗಾಗೋ ತನಕ ತಗಿಯಂಗಿಲ್ಲ. ನಮ್ಮ ಯಜಮಾನರು ಮಹಾಂತಯ್ಯನವರು ಲಿಂಗೈಕ್ಯರಾದ ರಾತ್ರಿ, ಹೂಳೋ ಕುಣಿಗೆ ಹಾಕಾಕ ಬೇಕು ಕೊಡು ಅಂದ್ರು. ಗಂಡನ ಕುಣಿಗೆ! ಬೆಳಗಾಗ್ಲಿ ಅಂದೆ. ಹೆಣ ಕಾಯ್ತು.”

“ಮನಿ ಆಳಿಗಾದ್ರೂ?”

“ಆ ಬಸವಣ್ಣ ಬಂದು ಬಾಗಲ್ದಾಗ ನಿಂತ್ರೂ ಇಲ್ಲ.”

“ನಿನ್ನೆ?”

“ನಿನ್ನೆ ಏನು ಅಮಾಸಿನೋ ಹುಣ್ಣಿವಿನೋ? ಯಾವತ್ತೂ ಇಲ್ಲ ಅಂದ್ರ ಇಲ್ಲ.”

“ಅವ್ವಾ!” ಮಲ್ಲೇಶ ಕೂಗಿದ.

ತಡವಾಗಿತ್ತು. ನಾನು ಮೊಬೈಲು ತೆಗೆದು, ದೀಪದ ಪಕ್ಕದಲ್ಲಿಟ್ಟು, ಒತ್ತಿದೆ. ಮಲ್ಲೇಶನದೇ ದನಿ ಪಡಸಾಲೆಯಲ್ಲಿ ಸ್ಪಷ್ಟವಾಗಿ ಕೇಳಿತು.

“ದೀಪ ಹಚ್ಚಿದ್ವಿರಿ. ಉಮೇಶ ಬಂದು ಬಾಗಲ್ದಾಗ ನಿಂತ. ಕೊಳಕ್ಕ ಉಪ್ಪು ಕಡಿಮಿ ಬಿದ್ದದ ಅಂದ. ನಮ್ಮವ್ವ ಉಗ್ರಾಣದ ಕೀಲಿ ತಗದು, 'ಉಮೇಶಾ, ಉಪ್ಪಿನ ಚೀಲ ಒಯ್ಯಿ' ಅಂದ್ಳು. ಅವ ಹೊತ್ಕೊಂಡು ಕೊಳದ ಕಡಿ ಹೋದ. ನಾ ಕಣ್ಣಾರೆ ನೋಡೀನ್ರಿ.”

ಮೊಬೈಲು ಸುಮ್ಮನಾಯಿತು. ಬಸವಂತಮ್ಮ ಮಗನನ್ನು ನೋಡಿದಳು. ಮುದುಕಿ ದಡ್ಡಿಯಲ್ಲ. ಆ ಮಾತು ಸುಳ್ಳೆಂದರೆ ಉಮೇಶ ಬಂದಿರಲಿಲ್ಲ, ಉಮೇಶ ಬಂದಿರಲಿಲ್ಲವೆಂದರೆ ಅಗುಳಿ ಹಾಕಿದವರು ಯಾರು, ಅಷ್ಟೂ ಅವಳ ಕಣ್ಣಲ್ಲಿ ಒಂದಾದ ಮೇಲೊಂದು ಬಂದು ಹೋಯಿತು. ಈಗ ಎದೆ ಬಡಿದುಕೊಳ್ಳುತ್ತಾಳೆ, 'ಹೆಣ್ತಿನ್ನ ಕೊಂದಿ ಏನೋ' ಎನ್ನುತ್ತಾಳೆ ಎಂದು ನಾನು ಕಾದೆ.

“ಆ ಮಾತು ನನ್ನ ಬಾಯಾಗ ಇಟ್ಟಿ ಏನಲೇ?” ಎಂದಳು. “ದೀಪ ಹಚ್ಚಿದ ಮ್ಯಾಲೆ ನಾ ಅಂದೆ ಅಂತ ಪೊಲೀಸರಿಗೆ ಹೇಳಿದಿ?”

ಅಷ್ಟೇ. ಸತ್ತ ಸೊಸೆಯ ಸುದ್ದಿಯೇ ಇಲ್ಲ. ನನ್ನ ನೌಕರಿಯಲ್ಲಿ ಎಂಥೆಂಥವರನ್ನೋ ನೋಡಿದ್ದೇನೆ, ಆದರೆ ಆ ಗಳಿಗೆ ಆ ಮನೆಯಲ್ಲಿ ಐದು ವರ್ಷ ಬದುಕಿದ ವಿಜಯಶ್ರೀಯನ್ನು ನೆನೆದು ನನಗೆ ಅಳು ಬಂತು.

ಮರುಗಳಿಗೆಗೆ ಮುದುಕಿ ಸಾವರಿಸಿಕೊಂಡಿದ್ದಳು. ಸೆರಗು ಸರಿಮಾಡಿಕೊಂಡು ಆದೆಮ್ಮನ ಕಡೆ ತಿರುಗಿದಳು. ದನಿ ಬೆಣ್ಣೆಯಂತಾಗಿತ್ತು.

“ಆದೆಮ್ಮಾ, ನಿನ್ನೆ ಕೀಲಿ ನಿನ್ನ ಕೈಯಾಗ ಕೊಟ್ಟಿದ್ನಲ್ಲ? ನೀನಽ ಕೊಟ್ಟೀಯಲ್ಲ ಅವಗ ಚೀಲ? ಹೇಳು. ನಿನ್ನ ಮಗಳ ಬಾಣಂತನಕ್ಕ ರೊಕ್ಕ ಕೇಳಾಕ ಮುಂದ ನಮ್ಮ ಮನಿಗೇ ಬರಬೇಕು ನೀನು.”

ಆದೆಮ್ಮ ತಟ್ಟೆಯನ್ನು ನೆಲಕ್ಕಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. ಅವಳಿಗೆ ಸುಳ್ಳು ಹೇಳುವ ಮನಸ್ಸಿತ್ತು, ಅದು ಕಾಣುತ್ತಿತ್ತು. ಆದರೆ ಯಾವ ಸುಳ್ಳು ಹೇಳಬೇಕು ಎಂದು ಅವಳಿಗೆ ತಿಳಿಯಲಿಲ್ಲ.

“ನಾ ನಿನ್ನೆ ಸಂಜಿಗೆ ಕೆಲಸಕ್ಕ ಬಂದಿದ್ದಿಲ್ಲಲ್ಲ ಯವ್ವಾ. ಬರಬ್ಯಾಡ ಅಂತ ನೀವಽ ಹೇಳಿ ಕಳಿಸಿದ್ರಿ.”

“ನಾ ಎಲ್ಲಿ ಹೇಳಿದ್ನೇ?”

“ಮಲ್ಲೇಶಪ್ಪನವ್ರು ಫೋನ್ ಮಾಡಿದ್ರಿ. 'ಇವತ್ತು ಬರಬ್ಯಾಡ ಅಂದಾಳ ಅವ್ವ' ಅಂದ್ರು.”

ತಾಯಿಯ ಬಾಯಲ್ಲಿ ಅವನು ಇಟ್ಟ ಮಾತು ಒಂದಲ್ಲ, ಎರಡು. ನೋಡುವ ಕಣ್ಣು ಇರಬಾರದೆಂದು ಆದೆಮ್ಮನನ್ನು ದೂರವಿಟ್ಟಿದ್ದೂ ಅವನೇ. ಪೀರಾ ಸಾಬ್ ಎದ್ದು ಬಾಗಿಲಿಗೆ ಅಡ್ಡ ನಿಂತರು.

“ನಡೀರಿ ಮಲ್ಲೇಶ, ಠಾಣೆಗೆ.” ನನ್ನ ದನಿಯಲ್ಲಿ ಗೆಲುವಿತ್ತು. ಅದನ್ನು ನಾನು ಮರೆಮಾಡಲಿಲ್ಲ. ಮೆಟ್ಟಿಲ ಮೇಲೆ ಕುಳಿತ ರಾಧಾಳಿಗೆ 'ಏಳು, ಗಂಡನ್ನ ಕರ್ಕೊಂಡು ಹೋಗು' ಎಂದು ಹೇಳುವ ಮಾತನ್ನು ಮನಸ್ಸಿನಲ್ಲಿ ಆಗಲೇ ಜೋಡಿಸಿಕೊಂಡಿದ್ದೆ.

ಮಲ್ಲೇಶ ಅವಸರ ಮಾಡಲಿಲ್ಲ. ಅವನ ಮುಖಕ್ಕೆ ಬಣ್ಣ ತಿರುಗಿ ಬಂದಿತ್ತು. ಕೈಗಡಿಯಾರ ನೋಡಿಕೊಂಡ.

“ಉಪ್ಪಿನ ಮ್ಯಾಲೆ ಕೇಸ್ ನಿಲ್ಲಸ್ತೀರೇನ್ರಿ ಮೇಡಂ? ಅವ್ವಗ ವಯಸ್ಸಾಗ್ಯಾದ, ಮರವು. ಆದೆಮ್ಮಗ ಯಾವ ದಿನ ಏನಾತು ಅಂತ ನೆನಪಿರಂಗಿಲ್ಲ.” ಸ್ವಲ್ಪ ತಡೆದು, “ನಿಮಗ ಈಗ ಫೋನ್ ಬರ್ತದ ನೋಡ್ರಿ,” ಎಂದ.

ಫೋನು ಬಂತು. ಠಾಣೆಯಲ್ಲಿ ಪಹರೆಗೆ ಬಿಟ್ಟಿದ್ದ ಕಾನ್‌ಸ್ಟೇಬಲ್ ಮುಷರ್ರಫ್.

“ಮೇಡಂ, ಉಮೇಶ ತಪ್ಪೊಪ್ಕೊಳ್ಳಾಕತ್ತಾನ್ರಿ. ನಾನಽ ಕೊಂದೀನಿ, ಬರ್ಕೋರ್ರಿ ಅಂತ ಸರಳಿಗೆ ತಲಿ ಬಡ್ಕೊಳ್ಳಾಕತ್ತಾನ.”

“ಯಾರು ಹೋಗಿದ್ರು ಅವನ ಹತ್ರ?”

“ಅವನ ವಕೀಲ್ರು ಅಂತ ಒಬ್ರು ಬಂದಿದ್ರಿ. ಸರಳಿನ ಹೊರಗ ನಿಂತು ಫೋನಿನ್ಯಾಗ ಏನೋ ತೋರ್ಸಿ ಹೋದ್ರು.”

ಬೀಡಿಗೆ ಕಾಸಿಲ್ಲದ ಉಮೇಶನಿಗೆ ವಕೀಲ! “ರಾಧಾ? ಮೆಟ್ಟಿಲ ಮ್ಯಾಲೆ ಕುಂತಾಕಿ?”

“ನೀವು ಹ್ವಾದ ಮ್ಯಾಲೆ ಇಬ್ರು ಹೆಣ್ಮಕ್ಕಳು ಕಾರಿನ್ಯಾಗ ಬಂದಿದ್ರಿ. ಬಸುರಿ ಹೆಂಗಸು, ಉಂಡಿಲ್ಲ, ಊಟ ಮಾಡಿಸಿ ತರ್ತೀವಿ ಅಂದ್ರು. ನಾನಽ ಹೋಗಿ ಬಾ ಅಂದೀನ್ರಿ ಮೇಡಂ.”

“ಉಮೇಶಗ ಫೋನ್ ಕೊಡು.”

ಸರಳಿಗೆ ಏನೋ ತಾಗಿದ ಸದ್ದು. ಆಮೇಲೆ ಉಮೇಶನ ಉಸಿರು.

“ಮೇಡಂ, ನಾನಽ ಹಾಕೀನ್ರಿ. ಎರಡೂ ಕೂಡಿಸಿ ನಾನಽ ಹಾಕೀನಿ. ಅಗಳಿನೂ ನಾನಽ ಹಾಕೀನಿ. ನಾಳೆ ಕೋರ್ಟಿನ್ಯಾಗ ಸಾಹೇಬ್ರ ಮುಂದನೂ ಇದನ್ನಽ ಹೇಳ್ತೀನಿ.”

“ರಾಧಾ ಎಲ್ಲಿ ಅದಾಳೋ?”

ಎದುರಿಗೆ ಮಲ್ಲೇಶ ನನ್ನ ಮುಟ್ಟದ ಮಜ್ಜಿಗೆಯ ಲೋಟವನ್ನು ಎತ್ತಿಕೊಂಡು ನಿಧಾನವಾಗಿ ಕುಡಿಯುತ್ತಿದ್ದ.

“ಉಮೇಶಾ, ನಿನಗೇ ಕೇಳಾಕತ್ತೀನಿ. ಆ ಫೋನಿನ್ಯಾಗ ಏನು ನೋಡ್ದಿ?”

“ರಾಧಾನ್ನ ಕಲ್ಲಬಂಡಿ ಮ್ಯಾಲೆ ಕುಂದ್ರಿಸ್ಯಾರ್ರಿ. ಕೈ ಹಿಂದ ಕಟ್ಯಾರ. ಹಿಂದ ಹೊಳಿ ಅದ.”

“ಯಾವ ಹೊಳಿ? ದೇವದುರ್ಗದ ಗೂಗಲ್ ಊರಿನ ಕಡಿ ಕೃಷ್ಣಾನೋ, ಚೀಕಲಪರ್ವಿ ಕಡಿ ತುಂಗಭದ್ರಾನೋ? ಗುಡಿ ಕಂಡಿತೇನು? ಏನಾರ ಗುರುತು ಹೇಳೋ!” ಒಂದು ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಒಂದರ ದಾರಿ ಹಿಡಿದರೆ ಇನ್ನೊಂದನ್ನು ಮರೆಯಬೇಕು.

“ಬರೇ ನೀರು ಕಾಣ್ತಿತ್ರಿ.” ಅವನ ದನಿ ಒಡೆಯಿತು. “ಲಗೂ ಬರ್ಕೋರ್ರಿ ಮೇಡಂ, ನಿಮ್ಮ ಕಾಲು ಬೀಳ್ತೀನಿ. ಅಕಿಗೆ ಈಜಾಕ ಬರಂಗಿಲ್ಲ.”